ಶ್ಲೇಷ್ಮ, ಕಫ, ಲೋಳೆ: ಒಂದು ವೈದ್ಯಕ ಶಬ್ದಸಮೂಹದ ಇತಿಹಾಸ ಮತ್ತು ಅರ್ಥವಿಚಾರ

ಶರೀರದಲ್ಲಿ ಹುಟ್ಟುವ ಜಿಗುಟಾದ, ಜಾರುವ ಗುಣವುಳ್ಳ ದ್ರವ್ಯಗಳನ್ನು ಸೂಚಿಸಲು ಕನ್ನಡದಲ್ಲಿ ಬಳಕೆಯಾಗುತ್ತಿರುವ ಶಬ್ದಗಳು ಹಲವು. ಅವುಗಳಲ್ಲಿ ಶ್ಲೇಷ್ಮ, ಕಫ, ಲೋಳೆ ಎಂಬ ಮೂರು ಪ್ರಧಾನವಾದವು. ಇವು ಮೂರೂ ಸಮಾನಾರ್ಥಕಗಳೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಒಂದೊಂದರ ಪೂರ್ವೇತಿಹಾಸವನ್ನು ವಿಚಾರಿಸಿ ನೋಡಿದರೆ, ಒಂದು ಶಾಸ್ತ್ರದ ತತ್ತ್ವವನ್ನು ಹೇಳುವ ಶಬ್ದವಾಗಿಯೂ ಇನ್ನೊಂದು ಕಣ್ಣಿಗೆ ಕಾಣುವ ವಸ್ತುವಿನ ಹೆಸರಾಗಿಯೂ ಬೆಳೆದು ಬಂದಿರುವುದು ಸ್ಪಷ್ಟವಾಗುತ್ತದೆ. ಪ್ರಕೃತ ಲೇಖನದಲ್ಲಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಭಾಷಾಸಂದರ್ಭವನ್ನು ಮುಂದಿಟ್ಟುಕೊಂಡು ಈ ಶಬ್ದಸಮೂಹವನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಇದು ಕೇವಲ ಶಬ್ದಕುತೂಹಲದ ವಿಷಯವಲ್ಲ. ರೋಗಿಯು ವೈದ್ಯನ ಮಾತನ್ನು ಯಾವ ಅರ್ಥದಲ್ಲಿ ಗ್ರಹಿಸುತ್ತಾನೆಂಬುದರ ಮೇಲೆ ರೋಗನಿರ್ಣಯವೇ ನಿಂತಿರುವ ಸಂದರ್ಭಗಳುಂಟು.

ಈ ಪ್ರದೇಶವನ್ನು ಆಯ್ದುಕೊಂಡುದಕ್ಕೆ ಕಾರಣವಿದೆ. ಈ ನಾಲ್ಕೂ ತಾಲೂಕುಗಳು 1997ರಲ್ಲಿ ರಚಿತವಾದ ಹಾವೇರಿ ಜಿಲ್ಲೆಗೆ ಸೇರಿದವು. ಅದಕ್ಕೆ ಮೊದಲು ಧಾರವಾಡ ಜಿಲ್ಲೆಯಲ್ಲಿದ್ದವು. ಹಾನಗಲ್ಲು ಪ್ರಾಚೀನ ಪಾನುಂಗಲ್ಲು; ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಕದಂಬರು ಆಳಿದ ಪಾನುಂಗಲ್ಲು ಐನೂರರ ಮುಖ್ಯಪಟ್ಟಣ. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಉಳಿದ ಭಾಗ ಮುಂಬಯಿ ಇಲಾಖೆಯ ಆಳಿಕೆಯಲ್ಲಿದ್ದು, ಶಿಗ್ಗಾವಿಯು ಬಂಕಾಪುರ ತಾಲೂಕಿಗೂ ಹಿರೇಕೆರೂರು ಕೋಡ ತಾಲೂಕಿಗೂ ಕಚೇರಿಯ ಸ್ಥಳಗಳಾಗಿದ್ದವು. ಹೀಗೆ ಸಂಸ್ಕೃತ-ಕನ್ನಡ ವೈದ್ಯಪರಂಪರೆ, ಉರ್ದು ಭಾಷೆ, ಮರಾಠಿಯ ಸಂಪರ್ಕ, ಇಂಗ್ಲಿಷ್ ವೈದ್ಯ ಇವು ನಾಲ್ಕೂ ಕೆಲವೇ ಹರದಾರಿಗಳ ಅಂತರದಲ್ಲಿ ಕೂಡಿದ ನಾಡು ಇದು. ಒಂದೇ ವಸ್ತುವಿಗೆ ನಾಲ್ಕು ದಾರಿಗಳಿಂದ ಬಂದ ಹೆಸರುಗಳನ್ನು ಹೋಲಿಸಿ ನೋಡಲು ಇದು ಅನುಕೂಲವಾದ ಕ್ಷೇತ್ರ.

ಮೊದಲು ಜನರ ಆಡುಮಾತನ್ನು ನೋಡೋಣ. ಮನೆಮಾತಿನ ಕನ್ನಡವು ಜಿಗುಟಾದ ದ್ರವ್ಯವನ್ನು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಅದು ಹೊರಬರುವ ಸ್ಥಾನವನ್ನು ನೋಡಿ ಹೆಸರಿಡುತ್ತದೆ. ಮೂಗಿನಿಂದ ಬಂದರೆ ಗೊಣ್ಣೆ ಅಥವಾ ಸಿಂಬಳ. ಬಾಯಿಂದ ಸೋರಿದರೆ ಜೊಲ್ಲು, ಹೊರಗೆ ಹಾಕಿದರೆ ಉಗುಳು. ಕಣ್ಣಿನಲ್ಲಿ ಕಟ್ಟಿದರೆ ಗೀಜು ಅಥವಾ ಪಿಚ್ಚು. ಎದೆಯಿಂದ ಕೆಮ್ಮಿದಾಗ ಬಂದರೆ ಕಫ. ಮಲದೊಡನೆ ಬಿದ್ದರೆ ಆಮ. ಈ ಕಡೆಯ ಮಾತಿನಲ್ಲಿ ಪದಾಂತ್ಯದ ಎಕಾರವು ಇಕಾರವಾಗುವುದರಿಂದ ಗೊಣ್ಣೆಯು ಗೊಣ್ಣಿಯಾಗಿ, ಲೋಳೆಯು ಲೋಳಿಯಾಗಿ, ಆಮಶಂಕೆಯು ಆಮಶಂಕಿಯಾಗಿ ಕೇಳಿಬರುತ್ತವೆ. ಇವುಗಳಲ್ಲಿ ಲೋಳೆ ಎಂಬುದೊಂದೇ ಯಾವ ಸ್ಥಾನಕ್ಕೂ ಕಟ್ಟುಬೀಳದ ಶಬ್ದ. ಬೆಂಡೆಕಾಯಿಯನ್ನು ಹೆಚ್ಚಿದಾಗ ಬರುವುದೂ ಲೋಳೆ. ಲೋಳೆಸರದ ಎಲೆಯೊಳಗಿನ ತಿರುಳೂ ಲೋಳೆ. ಬೆದೆಗೆ ಬಂದ ಆಕಳಿನಲ್ಲಿ ಒಕ್ಕಲಿಗನು ಕಾಣುವ ತಿಳಿಯಾದ ಎಳೆಯೂ ಲೋಳೆ. ಕೊನೆಯ ಉದಾಹರಣೆಯಲ್ಲಿ ಅದು ರೋಗದ ಲಕ್ಷಣವಲ್ಲ, ಶುಭಲಕ್ಷಣ ಎಂಬುದನ್ನು ಗಮನಿಸತಕ್ಕದ್ದು. ಲೋಳೆ ಎಂಬ ಶಬ್ದವು ವಸ್ತುವಿನ ಗುಣವನ್ನಷ್ಟೇ ಹೇಳುತ್ತದೆ. ಅದರ ಒಳಿತು ಕೆಡುಕುಗಳನ್ನು ನಿರ್ಣಯಿಸುವುದಿಲ್ಲ.

ಇನ್ನು ಸಂಸ್ಕೃತದಿಂದ ಬಂದ ಶಬ್ದಗಳು. ಶ್ಲೇಷ್ಮ ಎಂಬುದಕ್ಕೆ ಮೂಲವು ‘ಶ್ಲಿಷ್’ ಧಾತು. ಅಪ್ಪಿಕೊಳ್ಳು, ಅಂಟಿಕೊಳ್ಳು ಎಂದು ಅದರ ಅರ್ಥ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವಾತ, ಪಿತ್ತ, ಶ್ಲೇಷ್ಮ ಈ ಮೂರು ಶಬ್ದಗಳ ಧಾತುಗಳನ್ನು ಹೇಳುವಲ್ಲಿ ಇದೇ ವ್ಯುತ್ಪತ್ತಿಯನ್ನು ಕೊಟ್ಟಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಧಾತು ಅಪರಿಚಿತವಲ್ಲ. ಒಂದು ಶಬ್ದವು ಎರಡು ಅರ್ಥಗಳನ್ನು ಅಪ್ಪಿಕೊಂಡಿರುವ ಶ್ಲೇಷಾಲಂಕಾರದ ಹೆಸರೂ ಇದರಿಂದಲೇ ಹುಟ್ಟಿದೆ. ಕಫ ಎಂಬುದಕ್ಕೆ ‘ಕ’ ಎಂದರೆ ನೀರು, ನೀರಿನಿಂದ ಫಲಿಸುವುದು ಕಫ ಎಂಬ ನಿರುಕ್ತಿಯನ್ನು ಸಂಪ್ರದಾಯದವರು ಹೇಳುತ್ತಾರೆ. ಶಾಸ್ತ್ರದಲ್ಲಿ ಈ ಎರಡು ಶಬ್ದಗಳಿಗೂ ಒಂದೇ ಸ್ಥಾನ. ಎರಡೂ ತ್ರಿದೋಷಗಳಲ್ಲಿ ಒಂದರ ಹೆಸರು. ಭಾರ, ತಂಪು, ಮೃದುತ್ವ, ಜಿಡ್ಡು, ಸಿಹಿ, ಸ್ಥಿರತೆ, ಪಿಚ್ಛಿಲತೆ ಇವು ಅದರ ಗುಣಗಳೆಂದು ಚರಕಸಂಹಿತೆ ಎಣಿಸುತ್ತದೆ. ಇವುಗಳಲ್ಲಿ ಪಿಚ್ಛಿಲತೆ ಎಂಬುದೇ ನಾವು ಲೋಳೆತನವೆನ್ನುವ ಗುಣ. ಅಂದರೆ ಲೋಳೆತನವು ಕಫದ ಏಳು ಗುಣಗಳಲ್ಲಿ ಒಂದು ಮಾತ್ರ, ಕಫವೆಂದರೆ ಲೋಳೆಯೇ ಅಲ್ಲ.

ಈ ದೋಷವು ಮೂಲತಃ ಕೆಟ್ಟ ವಸ್ತುವೆಂದು ಶಾಸ್ತ್ರಕಾರರು ಭಾವಿಸಲಿಲ್ಲ. ಸಹಜಸ್ಥಿತಿಯಲ್ಲಿರುವ ಶ್ಲೇಷ್ಮವು ದೇಹದ ಬಲ, ವಿಕೃತವಾದಾಗ ಮಾತ್ರ ಅದು ಮಲವೆಂಬುದು ಚರಕನ ಮತ. ಕೀಲುಗಳಲ್ಲಿದ್ದು ಅವು ಸರಾಗವಾಗಿ ಚಲಿಸುವಂತೆ ಮಾಡುವುದಕ್ಕೆ ಶ್ಲೇಷಕಕಫವೆಂದು ಹೆಸರು. ಬಂಡಿಯ ಅಚ್ಚಿಗೆ ಜಿಡ್ಡು ಸವರಿದರೆ ಗಾಲಿಯು ಹೇಗೆ ಸುಗಮವಾಗಿ ತಿರುಗುವುದೋ ಹಾಗೆ ಎಂಬ ಹೋಲಿಕೆಯನ್ನು ಸುಶ್ರುತನು ಕೊಡುತ್ತಾನೆ. ಬಂಡಿಗೆ ಕೀಲೆಣ್ಣೆ ಹಾಕಿ ಬಲ್ಲ ಹಿರೇಕೆರೂರಿನ ಒಕ್ಕಲಿಗನಿಗೆ ಈ ಹೋಲಿಕೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಕೆಮ್ಮಿದಾಗ ಬರುವ ಕಫವೂ ಕೀಲಿನಲ್ಲಿರುವ ಈ ಕಫವೂ ಶಾಸ್ತ್ರದ ದೃಷ್ಟಿಯಲ್ಲಿ ಒಂದೇ ತತ್ತ್ವದ ರೂಪಗಳೆಂಬುದು ಅವನಿಗೆ ಹೊಸ ಸಂಗತಿಯಾಗಬಹುದು.

ಈ ಶಾಸ್ತ್ರವು ಕನ್ನಡಕ್ಕೆ ಬಂದುದು ತಡವಾಗಿ ಅಲ್ಲ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೈದ್ಯವಿಚಾರವಿದೆ. 12ನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು, ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದನು. 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಚಾಲುಕ್ಯರ ಕಾಲದ ಈ ಗ್ರಂಥಗಳು ಪಾನುಂಗಲ್ಲು ನಾಡು ಅದೇ ಅರಸರ ಆಳಿಕೆಗೆ ಒಳಪಟ್ಟಿದ್ದಾಗ ಹುಟ್ಟಿದವು. ಇಂತಹ ಗ್ರಂಥಗಳ ಮತ್ತು ವೈದ್ಯರ ಮೂಲಕವೇ ದೋಷವಾಚಕ ಶಬ್ದಗಳು ಕನ್ನಡದಲ್ಲಿ ನೆಲೆಗೊಂಡವೆನ್ನಬಹುದು.

ಹಾಗೆ ನೆಲೆಗೊಂಡಾಗ ಅರ್ಥಸಂಕೋಚವೂ ನಡೆಯಿತು. ದೇಹವನ್ನೆಲ್ಲ ವ್ಯಾಪಿಸಿದ ತತ್ತ್ವವಾಗಿದ್ದ ಕಫವು ಆಡುಮಾತಿನಲ್ಲಿ ಎದೆಯಿಂದ ಹೊರಬರುವ ಗಟ್ಟಿದ್ರವವಾಗಿ ನಿಂತಿತು. ಶ್ಲೇಷ್ಮದ ಗತಿ ಇನ್ನೂ ವಿಚಿತ್ರ. ಅದರ ಪಾಳಿ ರೂಪ ಸೇಮ್ಹ, ಪ್ರಾಕೃತ ರೂಪ ಸೇಂಭ. ಮರಾಠಿಯ ಶೇಂಬೂಡ ಈ ವಂಶದ್ದು, ಮೂಗಿನ ದ್ರವ್ಯವೆಂದು ಅದರ ಅರ್ಥ. ಕನ್ನಡದ ಸಿಂಬಳವನ್ನು ಇದರ ಮಗ್ಗುಲಲ್ಲಿರಿಸಿದರೆ ಧ್ವನಿ ಮತ್ತು ಅರ್ಥ ಎರಡರಲ್ಲಿಯೂ ಇರುವ ಸಾಮ್ಯವು ಎದ್ದು ಕಾಣುತ್ತದೆ. ಇವೆರಡಕ್ಕೂ ಬಾಂಧವ್ಯವನ್ನು ಊಹಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಹಾಗಾದರೆ ವೈದ್ಯನ ಬಾಯಲ್ಲಿ ಶ್ಲೇಷ್ಮವಾಗಿ ಗೌರವ ಪಡೆದ ಶಬ್ದವೇ ಮಗುವಿನ ಮೂಗಿನಲ್ಲಿ ಸಿಂಬಳವಾಗಿ ಇಳಿದಿದೆ ಎಂದಂತಾಯಿತು.

ಸವಣೂರಿನ ಕಡೆಗೆ ತಿರುಗಿದರೆ ಇನ್ನೊಂದು ಧಾರೆ ಕಾಣುತ್ತದೆ. ಉರ್ದು ಮಾತನಾಡುವವರು ಕಫವನ್ನು ಬಲ್ಗಮ್ ಎನ್ನುತ್ತಾರೆ. ಇದು ಯುನಾನಿ ವೈದ್ಯದ ಶಬ್ದ. ಯುನಾನಿ ಎಂದರೆ ಯವನರದು, ಗ್ರೀಕರದು ಎಂದರ್ಥ. ರಕ್ತ, ಬಲ್ಗಮ್, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಿದ್ಧಾಂತವು ಹಿಪ್ಪೊಕ್ರೆಟಿಸನ ಪಂಥದವರಲ್ಲಿ ಸುಮಾರು ಕ್ರಿ.ಪೂ. 400ರಲ್ಲಿ ರೂಪುಗೊಂಡಿತು. ಗ್ರೀಕ್ ವೈದ್ಯಗ್ರಂಥಗಳು ಬಾಗ್ದಾದಿನಲ್ಲಿ 9ನೆಯ ಶತಮಾನದಲ್ಲಿ ಅರಬ್ಬೀ ಭಾಷೆಗೆ ಇಳಿದವು. ಗ್ರೀಕರ ‘ಫ್ಲೆಗ್ಮ’ ಎಂಬುದೇ ಅರಬ್ಬಿಯ ಬಲ್ಗಮ್. ಅದೇ ಫಾರಸಿ ಮತ್ತು ಉರ್ದುಗಳ ಮೂಲಕ ನಮ್ಮ ನಾಡನ್ನು ಸೇರಿತು. ಇಂಗ್ಲಿಷಿನ ಫ್ಲೆಮ್ ಸಹ ಲ್ಯಾಟಿನ್ ಮಾರ್ಗವಾಗಿ ಬಂದ ಅದೇ ಶಬ್ದ. ಆದುದರಿಂದ ಸವಣೂರಿನ ಮುದುಕಿಯೊಬ್ಬಳು ಹೇಳುವ ಬಲ್ಗಮ್ ಮತ್ತು ಆಸ್ಪತ್ರೆಯ ವೈದ್ಯನು ಓದಿದ ಫ್ಲೆಮ್ ಇವೆರಡೂ ಒಂದೇ ತಾಯ ಮಕ್ಕಳು.

ಈ ಗ್ರೀಕ್ ಶಬ್ದದ ಮೂಲಾರ್ಥವು ಆಶ್ಚರ್ಯಕರವಾದುದು. ಅದು ಉರಿಯುವುದು ಎಂಬರ್ಥದ ಧಾತುವಿನಿಂದ ಹುಟ್ಟಿದೆ. ಮೊದಲಿಗೆ ಜ್ವಾಲೆ, ಉರಿ ಎಂದೇ ಅದರ ಅರ್ಥವಾಗಿತ್ತು. ಉರಿಯ ಹೆಸರು ತಂಪಾದ ಲೋಳೆದ್ರವ್ಯಕ್ಕೆ ಸಂದುದು ಅಸಂಗತವೆಂದು ಪ್ರಾಚೀನರಿಗೇ ತೋರಿತ್ತು. ಕ್ರಿ.ಪೂ. 5ನೆಯ ಶತಮಾನದ ಪ್ರೋಡಿಕಸ್ ಎಂಬ ಪಂಡಿತನು ಸುಟ್ಟು ಬೆಂದ ದ್ರವ್ಯಕ್ಕೆ ಮಾತ್ರ ಫ್ಲೆಗ್ಮ ಎಂಬ ಹೆಸರನ್ನು ಉಳಿಸಿ, ಲೋಳೆದ್ರವ್ಯವನ್ನು ‘ಬ್ಲೆನ್ನ’ ಎಂದು ಕರೆದನೆಂದು ಗ್ಯಾಲೆನ್ ದಾಖಲಿಸಿದ್ದಾನೆ. ವೈದ್ಯಕ ಪರಿಭಾಷೆಯನ್ನು ತಿದ್ದುವ ಪ್ರಯತ್ನ ಹೊಸದಲ್ಲವೆಂಬುದಕ್ಕೆ ಇದು ನಿದರ್ಶನ. ಆದರೆ ಬಳಕೆಯು ಅವನ ತರ್ಕವನ್ನು ಒಪ್ಪಲಿಲ್ಲ. ಹಳೆಯ ಹೆಸರೇ ಉಳಿಯಿತು.

ಯುರೋಪಿನಲ್ಲಿ ಸಿದ್ಧಾಂತದಿಂದ ವಸ್ತುವನ್ನು ಬೇರ್ಪಡಿಸಿದ ಘಟ್ಟವು 17ನೆಯ ಶತಮಾನದಲ್ಲಿ ಬಂದಿತು. ನೆಗಡಿಯಲ್ಲಿ ಸುರಿಯುವ ದ್ರವವು ಮೆದುಳಿನಿಂದ ಮೂಗಿಗೆ ಇಳಿಯುತ್ತದೆಂದು ಅಲ್ಲಿಯವರೆಗೆ ನಂಬಿದ್ದರು. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹೆಸರು ಲೋಳೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದಿರುವುದು ಆ ನಂಬಿಕೆಯ ಗುರುತು. ಜರ್ಮನಿಯ ವಿಟ್ಟೆನ್‌ಬರ್ಗಿನ ಶ್ನೈಡರ್ ಎಂಬ ವೈದ್ಯನು 1660ರಿಂದ ಪ್ರಕಟಿಸಿದ ಗ್ರಂಥದಲ್ಲಿ ಈ ದ್ರವವು ಮೂಗಿನ ಒಳಪೊರೆಯಲ್ಲೇ ಹುಟ್ಟುತ್ತದೆಂದು ತೋರಿಸಿದನು. ಅಲ್ಲಿಂದ ಮುಂದೆ ಮ್ಯೂಕಸ್ ಎಂಬುದು ಪೊರೆಯೊಂದು ಸ್ರವಿಸುವ ವಸ್ತುವಿನ ಹೆಸರಾಗಿ ನಿಂತಿತು. ಅದರಲ್ಲಿ ಬಹುಪಾಲು ನೀರೇ ಇರುವುದೆಂದೂ, ಮ್ಯೂಸಿನ್ ಎಂಬ ಸಸಾರಜನಕ ವಸ್ತುವಿನ ಉದ್ದನೆಯ ಎಳೆಗಳಿಂದ ಅದಕ್ಕೆ ಜಿಗುಟು ಬರುವುದೆಂದೂ ಈಗ ತಿಳಿದಿದೆ. ಶ್ವಾಸನಾಳದಲ್ಲಿ ಅದು ಧೂಳನ್ನೂ ಸೂಕ್ಷ್ಮಜೀವಿಗಳನ್ನೂ ಹಿಡಿಯುತ್ತದೆ. ನಾಳದ ಒಳಮೈಯ ಸೂಕ್ಷ್ಮರೋಮಗಳು ಅದನ್ನು ಗಂಟಲಿನ ಕಡೆಗೆ ನೂಕುತ್ತವೆ. ಜಠರದಲ್ಲಿ ಅದು ಜಠರವನ್ನು ಅದರದೇ ಆಮ್ಲದಿಂದ ಕಾಪಾಡುತ್ತದೆ. ಸಹಜವಾದ ಶ್ಲೇಷ್ಮವು ಬಲವೆಂಬ ಹಳೆಯ ಮಾತಿಗೂ ಇದಕ್ಕೂ ಸಿದ್ಧಾಂತದಲ್ಲಿ ಸಂಬಂಧವಿಲ್ಲದಿದ್ದರೂ, ಲೋಳೆಯನ್ನು ಬರಿಯ ಹೊಲಸೆಂದು ತಿಳಿಯಬಾರದೆಂಬಲ್ಲಿ ಎರಡೂ ಕೂಡುತ್ತವೆ.

ಈಗ ಪ್ರಾರಂಭದಲ್ಲಿ ಸೂಚಿಸಿದ ವ್ಯಾವಹಾರಿಕ ಪ್ರಶ್ನೆಗೆ ಬರೋಣ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಅದರ ಕಾರ್ಯದ ತಳಹದಿಯ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಕೆಮ್ಮಿನ ರೋಗಿಯ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಗುರುತಿಸುವುದು ಅದರ ಮುಖ್ಯ ಕ್ರಮವಾಗಿತ್ತು. ಅಣುವಿಧಾನದ ಪರೀಕ್ಷೆಗಳು ಬಂದಿರುವ ಈ ಕಾಲದಲ್ಲಿಯೂ ಶ್ವಾಸಕೋಶದ ಕ್ಷಯದ ಪರೀಕ್ಷೆಗೆ ಸಾಮಾನ್ಯವಾಗಿ ಬೇಕಾದುದು ಎದೆಯಿಂದ ಬಂದ ಕಫವೇ. ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಿರೆಂಬ ಸೂಚನೆಯ ಪರಿಣಾಮವು ಕಫ ಎಂಬ ಒಂದು ಶಬ್ದವನ್ನು ಅವಲಂಬಿಸಿದೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಡಬ್ಬಿಯಲ್ಲಿ ಉಗುಳಿ ಕೊಡು ಎಂದರೆ ರೋಗಿಯು ಬಾಯ ಉಗುಳನ್ನೇ ಕೊಡುತ್ತಾನೆ. ಉಗುಳಿನಲ್ಲಿ ರೋಗಾಣುವು ಕಾಣದೆ ಹೋಗಬಹುದು. ರೋಗವಿದ್ದೂ ಇಲ್ಲವೆಂಬ ನಿರ್ಣಯವಾದರೆ ರೋಗಿಗೂ ಅವನ ಮನೆಯವರಿಗೂ ಅಪಾಯ. ಎರಡನೆಯದು ದೋಷವಾಚಕವಾದ ಹಳೆಯ ಅರ್ಥದಿಂದ ಬಂದುದು. ಕಫವಾಗಿದೆ ಎಂದರೆ ಮೊಸರು ಉಂಡುದರಿಂದಲೋ ಥಂಡಿಯಿಂದಲೋ ಕಫ ಹೆಚ್ಚಿದೆ ಎಂದು ಜನರು ತಿಳಿಯುತ್ತಾರೆ. ಪಥ್ಯದಿಂದ ಇಳಿಯುವ ವಸ್ತುವಿಗೆ ಪರೀಕ್ಷೆಯೇಕೆ ಎಂದು ವಾರಗಳನ್ನು ಕಳೆಯುತ್ತಾರೆ. ಇದು ಅಜ್ಞಾನದ ಮಾತಲ್ಲ. ಸಾವಿರ ವರ್ಷಗಳಿಂದ ಆ ಶಬ್ದವು ಹೊತ್ತು ತಂದ ಅರ್ಥವನ್ನು ಅವರು ಸರಿಯಾಗಿಯೇ ಗ್ರಹಿಸಿದ್ದಾರೆ. ಬೇರೆ ಅರ್ಥದಲ್ಲಿ ಅದೇ ಶಬ್ದವನ್ನು ಬಳಸುವವರ ಮೇಲೆ ವಿವರಿಸುವ ಹೊಣೆ ಇದೆ.

ಆದುದರಿಂದ ಪರಿಭಾಷೆಯಲ್ಲಿ ಮೂರು ಶಬ್ದಗಳ ಕ್ಷೇತ್ರಗಳನ್ನು ಬೇರೆಬೇರೆಯಾಗಿ ಉಳಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ. ಮ್ಯೂಕಸ್ ಎಂಬುದಕ್ಕೆ ಸಾಮಾನ್ಯವಾಚಕವಾಗಿ ಲೋಳೆ ಎಂಬುದೇ ತಕ್ಕ ಶಬ್ದ; ಲೋಳೆಪೊರೆ ಎಂಬ ಸಮಾಸವು ಈಗಾಗಲೇ ರೂಢಿಗೆ ಬಂದಿದೆ, ವಿದ್ಯಾರ್ಥಿಗೆ ಕೇಳಿದೊಡನೆ ಅರ್ಥವಾಗುತ್ತದೆ. ಆಯುರ್ವೇದದ ತತ್ತ್ವವನ್ನು ಹೇಳುವಲ್ಲಿ ಕಫದೋಷ ಅಥವಾ ಶ್ಲೇಷ್ಮ ಎಂದು ಸ್ಪಷ್ಟಪಡಿಸಬೇಕು. ಕೆಮ್ಮಿ ತೆಗೆದ ವಸ್ತುವಿಗೆ ಕಫವೆಂಬ ರೂಢಶಬ್ದವನ್ನು ಕೈಬಿಡಬೇಕಾಗಿಲ್ಲ. ಆದರೆ ಜನರೊಡನೆ ಆಡುವಾಗ ಅದಕ್ಕೆ ಸ್ಥಾನವನ್ನು ಸೇರಿಸಿ ‘ಎದೆಯಿಂದ ಕೆಮ್ಮಿ ತೆಗೆದ ಕಫ, ಬಾಯ ಉಗುಳಲ್ಲ’ ಎನ್ನಬೇಕು. ಸ್ಥಾನವನ್ನು ಹಿಡಿದು ಹೆಸರಿಡುವುದು ಕನ್ನಡದ ಮನೆಮಾತಿನ ಸಹಜಕ್ರಮವೆಂಬುದನ್ನು ಮೇಲೆ ಕಂಡೆವು. ಆ ಕ್ರಮವನ್ನು ಅನುಸರಿಸಿದರೆ ಹಾನಗಲ್ಲಿನ ರೋಗಿಗೂ ಸವಣೂರಿನ ರೋಗಿಗೂ ಮಾತು ತಪ್ಪದೆ ತಲಪುವುದು. ಆಮ, ಕೀವು, ಪಿತ್ತ ಮುಂತಾದ ಶಬ್ದಗಳಲ್ಲಿಯೂ ಇಂತಹವೇ ಅರ್ಥಭೇದಗಳು ಅಡಗಿವೆ. ಆಯಾ ಪ್ರದೇಶದ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಊರಿನ ಬಳಕೆಯನ್ನು ಸಂಗ್ರಹಿಸಿ ಪರಿಶೀಲಿಸಿದಲ್ಲಿ ಭಾಷಾಶಾಸ್ತ್ರಕ್ಕೂ ಆರೋಗ್ಯಕಾರ್ಯಕ್ಕೂ ಸಮಾನವಾಗಿ ಪ್ರಯೋಜನವಾದೀತು.