ಕೆರೆ ದಡದಲ್ಲಿ ಎರಡು ರಾಡ್: ಲಾಭ ಎಷ್ಟು, ತಲೆನೋವು ಎಷ್ಟು?

ಗಾಳ ಹಾಕಿ ಮೀನು ಹಿಡಿಯೋ ಹವ್ಯಾಸದ ಬಗ್ಗೆ ಮಾತಾಡಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ. ಕೆರೆಗೆ ಹೋದಾಗ ಒಂದು ರಾಡ್ ಸಾಕಾ, ಅಥವಾ ಎರಡು ಹಾಕಿದ್ರೆ ಮೀನು ಜಾಸ್ತಿ ಸಿಗುತ್ತಾ? ಇವತ್ತು ಅದೊಂದನ್ನೇ ಬಿಡಿಸಿ ನೋಡೋಣ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಎರಡನೇ ರಾಡ್ ಹಾಕಿದ ಮಾತ್ರಕ್ಕೆ ಮೀನು ಎರಡರಷ್ಟು ಆಗಲ್ಲ. ಅದು ನಿಜವಾಗಿ ಕೊಡೋದು ಮಾಹಿತಿ: ಇವತ್ತು ಮೀನು ಎಷ್ಟು ಆಳದಲ್ಲಿದೆ, ಏನು ತಿಂತಾ ಇದೆ ಅನ್ನೋದು. ಆ ಮಾಹಿತಿ ಸಿಕ್ಕಮೇಲೆ ಎರಡನೆಯದನ್ನ ಸುತ್ತಿ ಇಟ್ಟುಬಿಡೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಬಿಟ್ಟು ಸಾಕೋ ಮೀನುಗಳು ಯಾವುವು? ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಇವನ್ನ ಒಟ್ಟಿಗೆ ಸಾಕೋದಕ್ಕೆ ಕಾರಣ ಇದೆ. ಒಂದು ಇನ್ನೊಂದರ ಊಟಕ್ಕೆ ಅಷ್ಟಾಗಿ ಕೈ ಹಾಕಲ್ಲ. ಕಾಟ್ಲ ನೀರಿನ ಮೇಲ್ಪದರದಲ್ಲಿ ತೇಲೋ ಸೂಕ್ಷ್ಮಜೀವಿಗಳನ್ನ ಸೋಸಿ ತಿನ್ನುತ್ತೆ. ಅದರ ಬಾಯಿ ನೋಡಿ, ಮೇಲ್ಮುಖವಾಗಿದೆ. ರೋಹು ನಡುನೀರಿನಲ್ಲಿ ಮೇಯುತ್ತೆ. ಮೃಗಾಲ್ ಮತ್ತು ಗೆಂಡೆ ತಳದಲ್ಲಿ. ಗೆಂಡೆಯಂತೂ ಬಾಯಿ ಮುಂದೆ ಚಾಚಿ ಕೆಸರು ಕೆದಕಿ ತಿನ್ನೋ ಮೀನು. ಅಂದ್ರೆ ಒಂದೇ ಕೆರೆಯಲ್ಲಿ ಮೂರು ಅಂತಸ್ತು. ಒಂದು ರಾಡ್ ಹಿಡ್ಕೊಂಡು ಹೋದವನು ಒಂದು ಸಲಕ್ಕೆ ಒಂದು ಅಂತಸ್ತಿನ ಬಾಗಿಲು ಮಾತ್ರ ತಟ್ಟಬಹುದು.

ಇನ್ನೊಂದು ವಿಷಯ, ಮೀನು ಇಡೀ ದಿನ ಒಂದೇ ಆಳದಲ್ಲಿ ಇರೋದಿಲ್ಲ. ರಾತ್ರಿಯೆಲ್ಲ ನೀರಿನ ಪಾಚಿ, ಗಿಡಗಳು ಆಮ್ಲಜನಕ ಬಳಸ್ತವೆ, ಉತ್ಪಾದನೆ ಮಾತ್ರ ಸೊನ್ನೆ. ಹಾಗಾಗಿ ಬೆಳಗಾಗೋ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಆಗಿರುತ್ತೆ. ಹಸಿರುಗಟ್ಟಿದ ಕೆರೆಯಲ್ಲಿ, ಅದೂ ಬೇಸಿಗೆಯಲ್ಲಿ, ತಳದಲ್ಲಿ ಉಸಿರಾಡೋಕೇ ಕಷ್ಟ. ಆಗ ತಳದ ಮೀನೂ ಮೇಲೆ ಬರುತ್ತೆ. ಬಿಸಿಲೇರಿ ಪಾಚಿ ಮತ್ತೆ ಆಮ್ಲಜನಕ ಬಿಡೋಕೆ ಶುರು ಮಾಡಿದ ಮೇಲೆ ಪರಿಸ್ಥಿತಿ ಬದಲಾಗುತ್ತೆ.

ಎರಡು ರಾಡ್‌ನ ದೊಡ್ಡ ಲಾಭ ಇಲ್ಲೇ ಇರೋದು. ಒಂದೇ ರಾಡ್ ಇದೆ ಅಂದ್ಕೊಳ್ಳಿ. ಆರರಿಂದ ಏಳರವರೆಗೆ ತಳಕ್ಕೆ ಹಾಕಿದ್ರಿ, ಏನೂ ಸಿಗಲಿಲ್ಲ. ಏಳಕ್ಕೆ ಬೆಂಡು ಕಟ್ಟಿ ನಡುನೀರಿಗೆ ಹಾಕಿದ್ರಿ, ರೋಹು ಸಿಕ್ತು. ಆಳ ಬದಲಾಯಿಸಿದ್ದಕ್ಕೆ ಸಿಕ್ತಾ, ಹೊತ್ತು ಬದಲಾಗಿದ್ದಕ್ಕೆ ಸಿಕ್ತಾ? ಹೇಳೋಕಾಗಲ್ಲ. ಎರಡು ರಾಡ್ ಇದ್ರೆ ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಎರಡು ಆಳ ಪರೀಕ್ಷೆ ಮಾಡಬಹುದು. ಶಾಲೆಯ ವಿಜ್ಞಾನದ ಪ್ರಯೋಗದ ಥರಾನೇ.

ಆದ್ರೆ ಪ್ರಯೋಗ ಅಂದಮೇಲೆ ಒಂದು ಶಿಸ್ತು ಬೇಕು: ಒಂದು ಸಲಕ್ಕೆ ಒಂದೇ ವಿಷಯ ಬದಲಾಗಬೇಕು. ಆಳ ಬೇರೆ ಮಾಡಿದ್ರೆ ಇರೆ ಒಂದೇ ಇರಲಿ. ಇರೆ ಬೇರೆ ಮಾಡಿದ್ರೆ ಆಳ ಒಂದೇ ಇರಲಿ. ಒಂದರಲ್ಲಿ ಮೈದಾ ಹಿಟ್ಟು ತಳಕ್ಕೆ, ಇನ್ನೊಂದರಲ್ಲಿ ಎರೆಹುಳು ಮೇಲಕ್ಕೆ ಹಾಕಿ ಕೂತ್ರೆ, ಮೀನು ಸಿಕ್ಕರೂ ಯಾಕೆ ಸಿಕ್ತು ಅಂತ ಗೊತ್ತಾಗಲ್ಲ. ದಡದಲ್ಲಿ ನಾನು ನೋಡೋ ಎರಡು ರಾಡ್‌ನವರಲ್ಲಿ ಬಹಳಷ್ಟು ಜನ ಮಾಡೋದು ಇದನ್ನೇ. ಅಥವಾ ಅದಕ್ಕಿಂತ ವ್ಯರ್ಥವಾದದ್ದು: ಎರಡೂ ರಾಡ್‌ಗೆ ಅದೇ ಹಿಟ್ಟು, ಅದೇ ಆಳ, ಪಕ್ಕಪಕ್ಕದಲ್ಲೇ ಎಸೆತ. ಅದರಿಂದ ಕಲಿಯೋದು ಏನೂ ಇಲ್ಲ, ಕೆಲಸ ಮಾತ್ರ ಡಬಲ್.

ಕೆಲಸ ಎಷ್ಟು ಡಬಲ್ ಅಂತ ಲೆಕ್ಕ ಹಾಕೋಣ. ಹಿಟ್ಟಿನ ಉಂಡೆ ನೀರಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ? ಗಟ್ಟಿಯಾಗಿ ಕಲಸಿದ್ರೂ, ಜಿಲೇಬಿ ಮೀನು, ಅದೇ ತಿಲಾಪಿಯಾ, ತುಂಬಿರೋ ಕೆರೆಯಲ್ಲಿ ಸಣ್ಣ ಮೀನುಗಳು ಕುಕ್ಕಿ ಕುಕ್ಕಿ ಖಾಲಿ ಮಾಡ್ತವೆ. 15 ನಿಮಿಷ ಅಂತ ಇಟ್ಕೊಳ್ಳೋಣ. ನಾಲ್ಕು ಗಂಟೆ ಅಂದ್ರೆ 240 ನಿಮಿಷ. ಒಂದು ರಾಡ್‌ಗೆ 16 ಸಲ ಇರೆ ಕಟ್ಟಬೇಕು, ಎರಡಕ್ಕೆ 32 ಸಲ. ದಾರ ಸುತ್ತಿ, ಕೈ ಒರೆಸಿ, ಉಂಡೆ ಕಟ್ಟಿ, ಮತ್ತೆ ಅದೇ ಜಾಗಕ್ಕೆ ಎಸೆಯೋಕೆ ಮೂರು ನಿಮಿಷ ಹಿಡಿದ್ರೆ 96 ನಿಮಿಷ ಬರೀ ಇದಕ್ಕೇ ಹೋಯ್ತು. ಆ 96 ನಿಮಿಷ ಇನ್ನೊಂದು ರಾಡ್ ಕಡೆ ನಿಮ್ಮ ಕಣ್ಣೇ ಇರಲ್ಲ. ಇಷ್ಟೆಲ್ಲ ಯಾರು ಮಾಡ್ತಾರೆ? ಬಹಳ ಜನ ಮಾಡಲ್ಲ. ಇರೆ ಇದೆಯೋ ಇಲ್ಲವೋ ನೋಡದೆ ಅರ್ಧ ಗಂಟೆ ಬಿಟ್ಟಿರ್ತಾರೆ. ಅಂದ್ರೆ ನೀರಲ್ಲಿ ಎರಡು ಬರೀ ಗಾಳ. ಅದಕ್ಕಿಂತ ಸರಿಯಾಗಿ ಇರೆ ಕಟ್ಟಿದ ಒಂದು ಗಾಳ ಎಷ್ಟೋ ವಾಸಿ.

ಇನ್ನು ನಷ್ಟದ ಕಡೆಗೆ ಬರೋಣ. ಇಲ್ಲಿ ನನಗೆ ನಿಜವಾಗಿ ಚಿಂತೆ ಆಗೋದು ಮೀನಿನ ಬಗ್ಗೆ. ಕಚ್ಚಿದ ಕೂಡಲೇ ಎಳೆದ್ರೆ ಗಾಳ ಹೆಚ್ಚಾಗಿ ತುಟಿಯಲ್ಲೇ ಸಿಕ್ಕಿರುತ್ತೆ. ತೆಗೆಯೋದು ಸುಲಭ, ಮೀನು ಸಣ್ಣದಿದ್ರೆ ವಾಪಸ್ ಬಿಡಬಹುದು, ಬದುಕುತ್ತೆ. ತಡ ಆದ್ರೆ, ಅದರಲ್ಲೂ ಎರೆಹುಳು ಕಟ್ಟಿದ್ರೆ, ಮೀನು ಗಾಳ ನುಂಗಿಬಿಡುತ್ತೆ. ಗಂಟಲಲ್ಲಿ, ಹೊಟ್ಟೆಯಲ್ಲಿ ಸಿಕ್ಕ ಗಾಳವನ್ನ ಎಳೆದು ಕಿತ್ತರೆ ಒಳಗಿನ ಅಂಗಗಳೇ ಹರೀತವೆ. ಹಾಗೆ ನುಂಗಿದ್ದು ಸಣ್ಣ ಮರಿಯಾಗಿದ್ರೆ ಎಳೀಬೇಡಿ, ಬಾಯಿ ಹತ್ತಿರ ದಾರ ಕತ್ತರಿಸಿ ಬಿಟ್ಟುಬಿಡಿ. ಬದುಕೋ ಸಾಧ್ಯತೆ ಹಾಗೇ ಜಾಸ್ತಿ. ಎರಡು ರಾಡ್‌ನವರಿಗೆ ಈ ತೊಂದರೆ ಹೆಚ್ಚು, ಯಾಕಂದ್ರೆ ಕಣ್ಣು ಎರಡಿದ್ರೂ ಗಮನ ಒಂದೇ. ಅದರ ಮಧ್ಯೆ ಕೈಯಲ್ಲಿ ಮೊಬೈಲ್ ಬೇರೆ!

ರಾಡ್ ತುದಿಗೆ ಕಟ್ಟೋ ಗಂಟೆ ಸಹಾಯ ಮಾಡುತ್ತೆ, ನಿಜ. ಆದ್ರೆ ಗಾಳಿ ಬೀಸಿದ್ರೂ ಗಂಟೆ ಹೊಡೆಯುತ್ತೆ, ಹತ್ತು ಸಲ ಸುಳ್ಳು ಹೊಡೆದ ಮೇಲೆ ಹನ್ನೊಂದನೆಯದಕ್ಕೆ ಯಾರೂ ಏಳಲ್ಲ. ದೊಡ್ಡ ಕಾಟ್ಲವೋ ಗೆಂಡೆಯೋ ಕಚ್ಚಿ ಓಡಿದಾಗ ರೀಲಿನ ಡ್ರ್ಯಾಗ್ ಬಿಗಿಯಾಗಿದ್ರೆ ರಾಡ್ ಸಮೇತ ಕೆರೆಗೆ ಹೋಗುತ್ತೆ. ಹಾಗೆ ಹೋದ ರಾಡ್ ಹಿಂದೆ ನೀರಿಗೆ ಧುಮುಕೋದು ಮಾತ್ರ ಬೇಡವೇ ಬೇಡ. ಕೆರೆ ತಳದ ಹೂಳು, ಮಣ್ಣು ತೆಗೆದ ಗುಂಡಿಗಳು ಮೇಲಿಂದ ಕಾಣಲ್ಲ. ಡ್ರ್ಯಾಗ್ ಮೊದಲೇ ಸಡಿಲ ಮಾಡಿಟ್ರೆ ಆ ಪ್ರಸಂಗವೇ ಬರಲ್ಲ.

ಆಮೇಲೆ ದಾರ ಸಿಕ್ಕಾಗೋದು. ಕೊಕ್ಕೆಗೆ ಬಿದ್ದ ಗೆಂಡೆ ನೇರವಾಗಿ ದಡಕ್ಕೆ ಬರಲ್ಲ, ಅಡ್ಡ ಓಡುತ್ತೆ. ಪಕ್ಕದಲ್ಲಿ ಇನ್ನೊಂದು ದಾರ ಬಿಗಿಯಾಗಿ ನಿಂತಿದ್ರೆ ಎರಡೂ ಸುತ್ತಿಕೊಂಡು ಮೀನೂ ಹೋಯ್ತು, ದಾರವೂ ಹೋಯ್ತು. ಇದಕ್ಕೆ ಒಂದು ಉಪಾಯ ಇದೆ. ಒಂದರಲ್ಲಿ ಮೀನು ಬಿತ್ತು ಅಂತ ಗೊತ್ತಾದ ತಕ್ಷಣ ಇನ್ನೊಂದು ರಾಡ್‌ನ ದಾರ ಸ್ವಲ್ಪ ಸಡಿಲಬಿಟ್ಟು, ಅದರ ತುದಿಯನ್ನ ನೀರಿನೊಳಗೆ ಅದ್ದಿ ಇಡಿ. ದಾರ ತಳಕ್ಕೆ ಇಳಿಯುತ್ತೆ, ಮೀನು ಅದರ ಮೇಲಿಂದ ಹಾದುಹೋಗುತ್ತೆ. ಜೊತೆಗೆ ಸ್ನೇಹಿತ ಇದ್ರೆ ಇನ್ನೂ ಸುಲಭ, ಅವನು ಎರಡನೆಯದನ್ನ ಸುತ್ತಿಬಿಡ್ತಾನೆ. ಗಾಳಿ ಇರೋ ದಿನ ಬೆಂಡಿನ ದಾರವನ್ನ ಗಾಳಿ ಹೋಗೋ ಕಡೆಯ ಬದಿಯಲ್ಲಿ ಹಾಕಿ. ಇಲ್ಲದಿದ್ರೆ ಬೆಂಡು ತೇಲಿಕೊಂಡು ಬಂದು ತಳದ ದಾರದ ಮೇಲೆ ಕೂರುತ್ತೆ.

ಹರಿದ ನೈಲಾನ್ ದಾರ ಎಲ್ಲಿ ಹೋಗುತ್ತೆ ಅನ್ನೋದನ್ನೂ ಕೇಳಬೇಕಲ್ವಾ? ಅದು ಕೊಳೆಯೋ ವಸ್ತು ಅಲ್ಲ. ಜೊಂಡಿನಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಇರುತ್ತೆ. ನೀರುಕಾಗೆ, ಬೆಳ್ಳಕ್ಕಿಗಳ ಕಾಲಿಗೆ, ರೆಕ್ಕೆಗೆ ಸುತ್ತಿಕೊಳ್ಳುತ್ತೆ. ಎರಡು ರಾಡ್ ಅಂದ್ರೆ ದಾರ ಹರಿಯೋ ಸಂಭವವೂ ಎರಡರಷ್ಟು.

ಬೇರೆ ದೇಶಗಳು ಈ ಪ್ರಶ್ನೆಗೆ ಏನು ಉತ್ತರ ಕೊಟ್ಟಿವೆ ನೋಡಿದ್ರೆ ಮಜಾ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಮೇಲೆ ಹೆಚ್ಚಿನ ಹಣ ಕಟ್ಟಿ ಎರಡನೇ ರಾಡ್‌ಗೆ ಪ್ರತ್ಯೇಕ ಅನುಮತಿ ತಗೋಬೇಕು. ಸಾವಿರಾರು ಕೆರೆಗಳಿರೋ ಮಿನೆಸೋಟದಲ್ಲಿ ಬಹುಕಾಲದ ನಿಯಮ ಅಂದ್ರೆ, ತೆರೆದ ನೀರಲ್ಲಿ ಒಬ್ಬರಿಗೆ ಒಂದೇ ದಾರ, ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಹಿಡಿಯೋವಾಗ ಎರಡು. ಮಂಜಿನ ತೂತಿನಲ್ಲಿ ದಾರ ನೇರ ಕೆಳಗೆ ಇಳಿಯುತ್ತೆ, ಸಿಕ್ಕಾಗೋದು ಕಡಿಮೆ ಅನ್ನೋದನ್ನ ನೆನಪಿಟ್ಕೊಂಡ್ರೆ ಇದು ವಿಚಿತ್ರ ಅನ್ನಿಸಲ್ಲ. ನನಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ನಿಯಮ. ಅಲ್ಲಿ ಗೆಂಡೆಯಂಥ ಮೀನಿಗೆ ಸಾಮಾನ್ಯ ಲೈಸೆನ್ಸ್‌ನಲ್ಲೇ ಎರಡು ರಾಡ್ ಹಾಕಬಹುದು, ಆದ್ರೆ ರಾಡ್‌ಗಳ ಹಿಡಿಕೆಗಳ ನಡುವೆ ಮೂರು ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು. ರಾಡ್ ಬಿಟ್ಟು ಎದ್ದುಹೋಗೋ ಹಾಗೂ ಇಲ್ಲ. ಸಂಖ್ಯೆಗಿಂತ ಹಿಡಿತ ಮುಖ್ಯ ಅನ್ನೋ ಲೆಕ್ಕಾಚಾರ. ನಮ್ಮ ಕೆರೆಗೂ ಈ ಮೂರು ಮೀಟರ್ ಸೂತ್ರ ಚೆನ್ನಾಗಿ ಒಪ್ಪುತ್ತೆ. ಕೂತ ಜಾಗದಿಂದ ಎರಡು ಹೆಜ್ಜೆಯಲ್ಲಿ ಕೈಗೆ ಸಿಗದ ರಾಡ್ ನಿಮ್ಮದಲ್ಲ ಅಂದ್ಕೊಳ್ಳಿ.

ಕರ್ನಾಟಕದ ಕೆರೆಗಳಲ್ಲಿ ಅದಕ್ಕೂ ಮೊದಲಿನ ಪ್ರಶ್ನೆ, ಮೀನು ಯಾರದು ಅನ್ನೋದು. ಎಷ್ಟೋ ಕೆರೆಗಳನ್ನ ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಗುತ್ತಿಗೆ ಕೊಟ್ಟಿರುತ್ತೆ. ಗುತ್ತಿಗೆ ಹಿಡಿದವರು, ಮೀನುಗಾರರ ಸಹಕಾರ ಸಂಘದವರು, ದುಡ್ಡು ಹಾಕಿ ಮರಿ ಬಿಟ್ಟಿರ್ತಾರೆ. ನಮಗೆ ಭಾನುವಾರದ ಹವ್ಯಾಸ, ಅವರಿಗೆ ಅದು ವರ್ಷದ ದುಡಿಮೆ. ಅವರ ಒಪ್ಪಿಗೆ ಇಲ್ಲದೆ ಒಂದು ಗಾಳವೂ ತಪ್ಪೇ. ಒಪ್ಪಿಗೆ ಕೊಟ್ಟವರ ಎದುರಿಗೆ ಒಬ್ಬೊಬ್ಬರು ಎರಡೆರಡು, ಮೂರುಮೂರು ರಾಡ್ ನೆಟ್ಟು ಕೂತ್ರೆ ಮುಂದಿನ ವಾರ ಯಾರನ್ನೂ ಹತ್ತಿರ ಸೇರಿಸಲ್ಲ. ಹಾಗಾಗಿ ಅನುಮತಿ ಕೇಳುವಾಗಲೇ ‘ಎರಡು ರಾಡ್ ಹಾಕಬಹುದಾ’ ಅಂತ ಬಿಡಿಸಿ ಕೇಳಿ. ಹರಿಗೋಲಿನಲ್ಲಿ ಬಲೆ ಬಿಡೋರು ಎದುರಿಗೆ ಬಂದ್ರೆ ಎರಡೂ ದಾರ ಎತ್ತಿಕೊಳ್ಳಿ.

ಜನ ಜಾಸ್ತಿ ಇರೋ ದಡದಲ್ಲಿ ನಾನು ಎರಡನೆಯದನ್ನ ಬ್ಯಾಗಿನಿಂದ ತೆಗೆಯೋದೇ ಇಲ್ಲ. ಬಿದಿರು ಕಡ್ಡಿಗೆ ದಾರ ಕಟ್ಟಿ ಸಂಜೆ ಸಾರಿಗೆ ನಾಲ್ಕು ಜಿಲೇಬಿ ಹಿಡಿಯೋಕೆ ಬಂದವರಿಗೆ ನಿಲ್ಲೋಕೆ ಜಾಗ ಇರಬೇಕು. ಜಿಲೇಬಿ ಹಿಡಿಯೋದಕ್ಕೂ ಒಂದೇ ಕಡ್ಡಿ ಸರಿ. ಕ್ಷಣಕ್ಕೊಂದು ಸಲ ಬೆಂಡು ಅಲ್ಲಾಡೋ ಕಡೆ ಎರಡನೆಯದನ್ನ ನೋಡೋಕೆ ಪುರುಸೊತ್ತು ಎಲ್ಲಿದೆ? ಕೃತಕ ಇರೆ ಎಸೆದು ಎಳೆಯೋ ಕೊರವ ಮೀನಿನ ಬೇಟೆಗಂತೂ ಎರಡು ಕೈಗೂ ಒಂದೇ ರಾಡ್ ಬೇಕು. ಆಗ ಇನ್ನೊಂದನ್ನ ಇರೆ ಕಟ್ಟಿ ನೆಟ್ಟು ಹೋದ್ರೆ ಅದು ಅನಾಥ.

ಜನ ಕಡಿಮೆ, ಒಪ್ಪಿಗೆ ಇದೆ, ಕೆರೆ ಹೊಸದು, ಹುಡುಕ್ತಾ ಇರೋದು ಗೆಂಡೆ ಅಥವಾ ರೋಹು ಅಂದ್ರೆ ಹೀಗೆ ಮಾಡಿ. ಮೊದಲ ಒಂದೂವರೆ ಗಂಟೆ ಎರಡು ರಾಡ್, ಒಂದು ತಳಕ್ಕೆ, ಒಂದು ನಡುನೀರಿಗೆ, ಎರಡಕ್ಕೂ ಒಂದೇ ಹಿಟ್ಟು. ಯಾವುದಕ್ಕೆ ಮೊದಲು ಎರಡು ಸಲ ಕಚ್ಚುತ್ತೋ ಅದು ಉಳೀಲಿ, ಇನ್ನೊಂದು ಬ್ಯಾಗಿಗೆ. ಎರಡಕ್ಕೂ ಏನೂ ಇಲ್ಲ ಅಂದ್ರೆ ಜಾಗ ಬದಲಾಯಿಸಿ. ರಾಡ್ ಒಂದೇ ಆದಮೇಲೆ ಹಗುರ, ಎದ್ದು ನಡೀಬಹುದು.

ಕೊನೆಗೆ, ಎರಡನೆಯದು ಕೊಳ್ಳೋದಾದ್ರೆ ಯಾವುದು? ಮೊದಲನೆಯದರ ಜೋಡಿ ಬೇಡ. ಮನೆಯಲ್ಲಿರೋದು ಸೀಸದ ಗುಂಡು ದೂರ ಎಸೆಯೋ ಗಟ್ಟಿ ರಾಡ್ ಆಗಿದ್ರೆ, ಬೆಂಡಿಗೆ ಒಪ್ಪೋ ಹಗುರದ್ದು, ತುದಿ ಮೆತ್ತಗಿರೋದು ತಗೊಳ್ಳಿ. ಎರಡರ ದಾರಕ್ಕೂ ಬೇರೆ ಬೇರೆ ಬಣ್ಣ ಇರಲಿ, ಸಿಕ್ಕಾದಾಗ ಯಾವುದನ್ನ ಕತ್ತರಿಸಬೇಕು ಅಂತ ತಕ್ಷಣ ಗೊತ್ತಾಗುತ್ತೆ. ಮುಂದಿನ ವಾರ ಸಿಗೋಣ.