ಗ್ಯಾಸ್ಟಿಕ್ಕು, ಗ್ಯಾಸು ಮತ್ತು ಎದೆನೋವು

ಹೊಳೆನರಸೀಪುರದ ಬಸ್ ಸ್ಟ್ಯಾಂಡಾಗಲಿ, ಅರಕಲಗೂಡಿನ ಸಂತೆಯಾಗಲಿ, ಯಾರಾದರೂ ಎದೆ ಹಿಡಿದು ಕೂತರೆ ಪಕ್ಕದವರ ತೀರ್ಪು ಸಿದ್ಧ: "ಏನಿಲ್ಲ ಬುಡಣ್ಣ, ಗ್ಯಾಸ್ಟಿಕ್ಕು. ಒಂದು ಸೋಡಾ ಕುಡಿ." ಕುಡಿದ ಮೇಲೆ ತೇಗು ಬಂತೋ, ತೀರ್ಪಿಗೆ ಮೊಹರು ಬಿತ್ತು. ಆ ತೇಗಿನಲ್ಲಿ ಬಂದದ್ದು ಸೋಡಾದೊಳಗೇ ಇದ್ದ ಇಂಗಾಲದ ಡೈಆಕ್ಸೈಡು, ಸ್ವಾಮಿ!

ಗ್ಯಾಸ್ಟ್ರಿಕ್ ಅಂದರೆ ಗ್ಯಾಸ್ ಅಲ್ಲ. ಗ್ರೀಕರಿಗೆ 'ಗ್ಯಾಸ್ಟರ್' ಎಂದರೆ ಹೊಟ್ಟೆ. ಗ್ಯಾಸ್ಟ್ರಿಕ್ ಎಂದರೆ ಹೊಟ್ಟೆಗೆ ಸಂಬಂಧಿಸಿದ್ದು. ಅದು ರೋಗದ ಹೆಸರೇ ಅಲ್ಲ. 'ಗ್ಯಾಸ್' ಪದವನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಕಟ್ಟಿದ್ದು ಗ್ರೀಕರ 'ಖಾವೋಸ್'ನಿಂದ. ಎರಡೂ ಬೇರೆ ಮನೆತನ, ನಂಟು ಬೆಸೆದವರು ನಾವು. ಆ ಗ್ಯಾಸು ಬೆನ್ನಿಗೆ ಹಿಡಿಯುತ್ತದೆ, ತಲೆಗೇರುತ್ತದೆ ಎಂದು ಬೇರೆ! ಕರುಳಿನಿಂದ ತಲೆಗೆ ಗುಳ್ಳೆ ಏರಲು ಪೈಪೆಲ್ಲಿದೆ?

ಹಾಗೆಂದು ಗ್ರೀಕರನ್ನು ಹೊಗಳುವಂತೆಯೂ ಇಲ್ಲ. ಅವರ 'ಕಾರ್ಡಿಯಾ' ಹೃದಯಕ್ಕೂ ಹೆಸರು, ಜಠರದ ಬಾಯಿಗೂ ಹೆಸರು. ವೈದ್ಯವಿದ್ಯಾರ್ಥಿಗಳು ಇಂದಿಗೂ ಅನ್ನನಾಳ ಜಠರವನ್ನು ಸೇರುವ ಜಾಗವನ್ನು 'ಕಾರ್ಡಿಯಾ' ಎಂದೇ ಓದುತ್ತಾರೆ. ನಾವೂ ಹೊಟ್ಟೆಯ ಹುಳಿ ಮೇಲೆ ಬಂದರೆ 'ಎದೆಯುರಿ' ಎನ್ನುವವರೇ. ಹೃದಯ, ಜಠರ ಎರಡರ ನೋವೂ ಒಂದೇ ಕಡೆ ಕಾಣಿಸಿಕೊಳ್ಳುವುದುಂಟು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಬರೀ ಹೊಟ್ಟೆ ತೊಳಸು, ಬೆವರು, ಸುಸ್ತಾಗಿಯೂ ಬರಬಹುದು. ಅದನ್ನು ಬಿಡಿಸಿ ಹೇಳಲು ಇಸಿಜಿ, ರಕ್ತಪರೀಕ್ಷೆ ಬೇಕು. ಮೆಡಿಕಲ್ ಸ್ಟೋರಿನ ಪ್ಯಾಂಟೊಪ್ರಜೋಲ್ ಆಮ್ಲ ಇಳಿಸೀತು, ಕಟ್ಟಿಕೊಂಡ ರಕ್ತನಾಳ ಬಿಡಿಸದು.

ಅವರೆಕಾಳಿನಿಂದ ವಾಯು ಎನ್ನುವುದು ಮಾತ್ರ ನಿಜ. ನಮಗರಗದ ಅದರ ಸಕ್ಕರೆಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸುತ್ತವೆ.

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರೆಂಬ ಸುದ್ದಿ ಹಬ್ಬಿತಲ್ಲ, ಆಗ ನೋಡಬೇಕಿತ್ತು. ಎದೆನೋವೆಲ್ಲ ಗ್ಯಾಸ್ಟಿಕ್ಕು ಎಂದಿದ್ದವರೇ ರಾತ್ರೋರಾತ್ರಿ ತೇಗೆಲ್ಲ ಹಾರ್ಟ್ ಅಟ್ಯಾಕು ಎನ್ನತೊಡಗಿದರು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲೋ ಸಾಲು. ಕೋವಿಡ್ ಲಸಿಕೆಯೇ ಕಾರಣ ಎಂದು ವಾಟ್ಸ್‌ಆ್ಯಪ್ ತೀರ್ಪು ಕೊಟ್ಟಾಗಿತ್ತು. ತಜ್ಞರ ಸಮಿತಿಗೆ ಅಂಥ ನಂಟೇನೂ ಕಾಣಲಿಲ್ಲ. ಆ ವರದಿಯನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ಕಾಣೆ.

ಚನ್ನರಾಯಪಟ್ಟಣದ ನೆಂಟರೊಬ್ಬರೂ ಹೆದರಿ ಇಸಿಜಿ ಮಾಡಿಸಿ ಬಂದರು. ಸರಿಯಿದೆಯಂತೆ. "ಹಂಗಾರೆ ಗ್ಯಾಸ್ಟಿಕ್ಕೇಯ" ಎಂದು ನೆಮ್ಮದಿಯಿಂದ ಬೀಡಿ ಹಚ್ಚಿದರು.