ಸ್ವಾರಸ್ಯವೂ ಬಾಯಿಪಾಠವಾದರೆ...

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೆರಡು ದಿನವಿತ್ತು. ನೆರೆಮನೆಯ ಹುಡುಗಿ ನಮ್ಮ ವರಾಂಡದಲ್ಲಿ ಕುಳಿತು ಕನ್ನಡ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ: ಮೊದಲು ಆಯ್ಕೆ, ಅನಂತರ ಸಂದರ್ಭ, ಕೊನೆಗೆ ಸ್ವಾರಸ್ಯ. ಮೂರೂ ಒಂದೇ ಉಸಿರಿನಲ್ಲಿ, ಒಂದೇ ಏರಿಳಿತದಲ್ಲಿ ಹೊರಬರುತ್ತಿದ್ದವು. ‘ಈ ಮಾತಿನಲ್ಲಿ ನಿನಗೆ ಕಂಡ ಸ್ವಾರಸ್ಯ ಯಾವುದಮ್ಮ?’ ಎಂದು ಕೇಳಿದೆ. ಆಕೆ ಅರೆಕ್ಷಣ ನನ್ನನ್ನೇ ನೋಡಿ, ‘ಅದನ್ನು ಮಿಸ್ ನೋಟ್ಸಿನಲ್ಲಿ ಬರೆಸಿದ್ದಾರೆ ತಾತ’ ಎಂದಳು.

ಆ ಉತ್ತರದಲ್ಲಿ ಮಗುವಿನ ತಪ್ಪೇನೂ ಇಲ್ಲ. ಆಯ್ಕೆಯನ್ನು ಬರೆಸಬಹುದು, ಸಂದರ್ಭವನ್ನೂ ಬರೆಸಬಹುದು. ಆದರೆ ಸ್ವಾರಸ್ಯವೆನ್ನುವುದು ಓದುವವನಿಗೆ ಸ್ವತಃ ಒದಗಬೇಕಾದದ್ದು. ಅದನ್ನೂ ಕಪ್ಪುಹಲಗೆಯ ಮೇಲೆ ಬರೆದು, ನಕಲು ಮಾಡಿಸಿ, ಒಪ್ಪಿಸುವಂತೆ ಮಾಡಿದರೆ ಸಾಹಿತ್ಯದ ತರಗತಿಯಲ್ಲಿ ಉಳಿಯುವುದಾದರೂ ಏನು? ಕಾವ್ಯ, ನಾಟಕ, ಗದ್ಯ ಮೂರೂ ಓದುಗನನ್ನು ತಲುಪುವ ದಾರಿಗಳು ಬೇರೆ ಬೇರೆ. ಕಾವ್ಯ ಕಿವಿಯಿಂದ ಬರುತ್ತದೆ, ನಾಟಕ ಮೈಯಿಂದ, ಗದ್ಯ ವಿಚಾರದಿಂದ. ನಮ್ಮ ಪ್ರೌಢಶಾಲೆಗಳು ಈ ಮೂರು ದಾರಿಗಳನ್ನೂ ಮುಚ್ಚಿ, ಎಲ್ಲವನ್ನೂ ಉತ್ತರಪತ್ರಿಕೆಯ ಒಂದೇ ಓಣಿಯಲ್ಲಿ ನಡೆಸುತ್ತಿವೆ.

ಕಾವ್ಯವನ್ನೇ ನೋಡೋಣ. ಹಳಗನ್ನಡ, ನಡುಗನ್ನಡದ ಪದ್ಯಗಳು ಕಠಿಣವೆಂಬ ದೂರು ಪೋಷಕರಿಂದ ಬರುತ್ತಲೇ ಇರುತ್ತದೆ. ಕಣ್ಣಿಗೆ ಅವು ಕಠಿಣವೇ ಸರಿ. ಆದರೆ ಕುಮಾರವ್ಯಾಸನ ಭಾಮಿನಿ ಷಟ್ಪದಿ ಕಣ್ಣಿಗೆಂದು ಹುಟ್ಟಿದ್ದಲ್ಲ. ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಹೆಜ್ಜೆ ಹಾಕುತ್ತ ಅದು ನಡೆಯುತ್ತದೆ. ಲಕ್ಷ್ಮೀಶನ ವಾರ್ಧಕ ಐದೈದು ಮಾತ್ರೆಗಳಲ್ಲಿ ಸಾಗುತ್ತದೆ. ಅಕ್ಷರ ಬಾರದವರೂ ಹಳ್ಳಿಯ ಗುಡಿಗಳ ಮುಂದೆ ರಾತ್ರಿಯಿಡೀ ಕುಳಿತು ಗಮಕಿಗಳ ಬಾಯಲ್ಲಿ ಭಾರತವನ್ನು ಕೇಳಿ ಕಣ್ಣೀರಿಟ್ಟ ನಾಡು ಇದು. ಕನ್ನಡಿಗರು ಓದು ಕಲಿಯದೆಯೂ ಕಾವ್ಯದಲ್ಲಿ ಪರಿಣತರೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೆಮ್ಮೆಪಟ್ಟಿತು. ಇಂದು ಹತ್ತು ವರ್ಷ ಓದು ಕಲಿತ ಮಕ್ಕಳು ಕಾವ್ಯವೆಂದರೆ ಬೆದರುತ್ತಾರೆ.

ತರಗತಿಯಲ್ಲಿ ನಡೆಯುವುದಾದರೂ ಏನು? ಮಕ್ಕಳು ಪದ್ಯದ ಸಾಲಿಗೆ ಪ್ರಸ್ತಾರ ಹಾಕುತ್ತಾರೆ, ಲಘು ಗುರುಗಳ ಗುರುತು ಮಾಡುತ್ತಾರೆ, ಗಣ ವಿಂಗಡಿಸಿ ಛಂದಸ್ಸಿನ ಹೆಸರು ಬರೆಯುತ್ತಾರೆ. ಆ ಗಣಗಳ ನಡೆಯನ್ನು ಒಮ್ಮೆಯೂ ಕಿವಿಯಾರೆ ಕೇಳಿರುವುದಿಲ್ಲ. ಸಂಗೀತ ಕೇಳದವನಿಗೆ ಸ್ವರಲಿಪಿ ಕಲಿಸಿದಂತೆ ಇದು. ಕಂಠಪಾಠದ ಪದ್ಯಗಳೂ ಇವೆ. ಆದರೆ ಪರೀಕ್ಷೆಯಲ್ಲಿ ಅವನ್ನು ‘ಪೂರ್ಣಗೊಳಿಸಿ’ ಎಂದು ಬರೆಯಿಸುತ್ತೇವೆ. ಕಂಠಪಾಠದಲ್ಲಿ ಕಂಠಕ್ಕೇ ಕೆಲಸವಿಲ್ಲ!

ನಾಟಕದ ಪಾಡು ಇನ್ನೂ ಶೋಚನೀಯ. ಇತ್ತೀಚಿನ ವರ್ಷಗಳಲ್ಲಿ ಪ್ರಥಮ ಭಾಷೆಯಾಗಿ ಕನ್ನಡ ಓದಿದ ಹತ್ತನೆಯ ತರಗತಿಯ ಮಕ್ಕಳಿಗೆ ಪು.ತಿ. ನರಸಿಂಹಾಚಾರ್ ಅವರ ‘ಶಬರಿ’ ಪರಿಚಿತ. ಅದು ಗೀತನಾಟಕ, ಹಾಡಲೂ ಆಡಲೂ ಹೊಂದುವ ರಚನೆ. ಪಠ್ಯಪುಸ್ತಕದಲ್ಲಿ ಅದಕ್ಕೆ ದೊರೆತ ಜಾಗ ಮಾತ್ರ ಗದ್ಯಭಾಗ. ಹೀಗಾದಾಗ ಶಿಕ್ಷಕರು ಅದನ್ನು ಗದ್ಯದಂತೆಯೇ ಓದಿ, ಕವಿಪರಿಚಯ ಬರೆಸಿ, ಪ್ರಶ್ನೋತ್ತರ ಮುಗಿಸಿದರೆ ಯಾರನ್ನು ದೂರುವುದು? ನಾಟಕಕ್ಕೆ ದೊಡ್ಡ ರಂಗಸಜ್ಜಿಕೆ ಬೇಕಿಲ್ಲ. ಎರಡು ಬೆಂಚು ಸರಿಸಿದರೆ ಆಶ್ರಮವಾಗುತ್ತದೆ. ಒಬ್ಬಳು ಶಬರಿಯಾಗಿ ಬಾಗಿಲಲ್ಲಿ ನಿಂತು ದಾರಿ ನೋಡಲಿ; ಕಾಯುವುದೆಂದರೆ ಏನೆಂದು ಉಳಿದ ನಲವತ್ತು ಮಕ್ಕಳಿಗೂ ಅರ್ಥವಾಗುತ್ತದೆ.

ಕಾವ್ಯ, ನಾಟಕಗಳ ನಡುವಿನ ಗೋಡೆಯೂ ನಾವು ತಿಳಿದಷ್ಟು ದಪ್ಪವಲ್ಲ. ರನ್ನನ ‘ಗದಾಯುದ್ಧ’ದಲ್ಲಿ ನಾಟಕ ಎಷ್ಟು ತುಂಬಿದೆಯೆಂದರೆ, ಬಿ.ಎಂ. ಶ್ರೀಕಂಠಯ್ಯನವರು ಅದರಿಂದಲೇ ‘ಗದಾಯುದ್ಧ ನಾಟಕಂ’ ಕಟ್ಟಿದರು. ನಮ್ಮ ಮೀಮಾಂಸಕರು ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ಎರಡಾಗಿ ವಿಂಗಡಿಸಿದ್ದರು. ಒಂದು ನೋಡುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ನಮ್ಮ ಶಾಲೆಗಳು ಎರಡನ್ನೂ ಬದಿಗಿಟ್ಟು ‘ಲೇಖ್ಯ ಕಾವ್ಯ’ವೆಂಬ ಮೂರನೆಯ ಬಗೆಯನ್ನು ಸೃಷ್ಟಿಸಿವೆ. ಅದು ಪರೀಕ್ಷೆಯಲ್ಲಿ ಬರೆಯುವುದಕ್ಕೆ ಮಾತ್ರ.

ಗದ್ಯವಾದರೂ ಸುರಕ್ಷಿತವೇ? ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯ ಹುಲಿ ಧರ್ಮಭೀರು. ಬೆನ್ನ ಹಿಂದಿನಿಂದ ಎರಗುವುದು ಅಧರ್ಮವೆಂದು ಅದು ಶಾನುಭೋಗರ ಹಿಂದೆ ಹಿಂದೆಯೇ ನಡೆಯುತ್ತದೆ. ಶಾಸ್ತ್ರದ ಮಾತನ್ನೂ ಮನುಷ್ಯರ ಸೋಗನ್ನೂ ಒಟ್ಟಿಗೆ ತಿವಿಯುವ ಈ ನಗೆಯನ್ನು ಹದಿನೈದರ ಹರೆಯದವರು ಸವಿಯದಿದ್ದರೆ ಇನ್ಯಾರು ಸವಿಯಬೇಕು? ಆದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು: ಶಾನುಭೋಗರ ಬ್ರಹ್ಮಾಸ್ತ್ರ ಯಾವುದು? ಖಿರ್ದಿ ಪುಸ್ತಕ. ಒಂದು ಅಂಕ. ನಗು ಎಲ್ಲಿ ಹುಟ್ಟಿತು, ಲೇಖಕರು ನಿಜಕ್ಕೂ ಯಾರನ್ನು ನೋಡಿ ನಗುತ್ತಿದ್ದಾರೆ ಎಂದು ಕೇಳುವವರಿಲ್ಲ. ಮಾತಿನ ಹಿಂದಿನ ಮಾತನ್ನು ಹಿಡಿಯಲು ಕಲಿಸುವುದೇ ಗದ್ಯದ ಕೆಲಸ. ಭಾಷಣ, ಜಾಹೀರಾತು, ವಾಟ್ಸ್ಆ್ಯಪ್ ಸಂದೇಶಗಳ ನಡುವೆ ಬೆಳೆಯುತ್ತಿರುವ ಮಕ್ಕಳಿಗೆ ಇದಕ್ಕಿಂತ ಅಗತ್ಯವಾದ ವಿದ್ಯೆ ಯಾವುದಿದೆ?

ಈ ಸ್ಥಿತಿಗೆ ಶಿಕ್ಷಕರನ್ನೇ ಹೊಣೆ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಶಾಲೆಯ ಫಲಿತಾಂಶ ಕುಸಿದರೆ ಕಾರಣ ಕೇಳಿ ನೋಟಿಸು ಬರುವುದು ಅವರಿಗೇ. ಲಕ್ಷಾಂತರ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಮಾದರಿ ಉತ್ತರ ಬೇಕು ಎಂಬ ವಾದದಲ್ಲಿಯೂ ಹುರುಳಿದೆ. ಮನೆಯಲ್ಲಿ ಪುಸ್ತಕದ ವಾತಾವರಣವಿಲ್ಲದ ಮಗುವಿಗೆ ನಿಶ್ಚಿತ ಉತ್ತರವೇ ರಕ್ಷಣೆ; ‘ಸ್ವಂತ ರಸಾನುಭವ’ಕ್ಕೆ ಅಂಕ ಕೊಡಹೊರಟರೆ ಉಳ್ಳವರ ಮಕ್ಕಳಿಗೇ ಲಾಭವಾದೀತೆಂಬ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಅದೇ ಮಗುವಿನ ಅಜ್ಜಿಗೆ ನೂರಾರು ಪದಗಳು, ಗಾದೆಗಳು ಬರುತ್ತಿರಬಹುದು. ಊರಿನಲ್ಲಿ ಯಕ್ಷಗಾನವೋ ಬಯಲಾಟವೋ ನಡೆಯುತ್ತಿರಬಹುದು. ಕಿವಿಯಿಂದ, ಮೈಯಿಂದ ಕಲಿಯುವ ದಾರಿ ತೆರೆದರೆ ಆ ಮಗು ಹಿಂದೆ ಬೀಳಬೇಕಿಲ್ಲ. ಗೈಡನ್ನೇ ನಂಬಿದ ಇಂದಿನ ಪದ್ಧತಿಯೇ ಅದರ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯದಿರುವುದು.

ದೊಡ್ಡ ಸುಧಾರಣೆಗಳಿಗೆ ಕಾಯಬೇಕಾಗಿಯೂ ಇಲ್ಲ. ಕಳೆದ ದಶಕದಲ್ಲಿ ಬಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 25ನ್ನು ಶಾಲೆಯ ಕೈಗೇ ಒಪ್ಪಿಸಿತು. ಆ ಆಂತರಿಕ ಅಂಕಗಳು ಹಲವೆಡೆ ಕಿರುಪರೀಕ್ಷೆ ಮತ್ತು ಅಲಂಕರಿಸಿದ ಪ್ರಾಜೆಕ್ಟ್ ಪುಸ್ತಕಗಳಲ್ಲಿ ಕರಗಿಹೋದವು. ಆಂತರಿಕ ಅಂಕಗಳ ಒಂದು ಪಾಲನ್ನಾದರೂ ಪದ್ಯವಾಚನಕ್ಕೆ, ನಾಟಕದ ಒಂದು ದೃಶ್ಯವನ್ನು ಆಡಿ ತೋರಿಸುವುದಕ್ಕೆ ಮೀಸಲಿಡಬಹುದಲ್ಲ? ಅಪಠಿತ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವ ಕ್ರಮ ಮಕ್ಕಳಿಗೆ ಪರಿಚಿತವೇ. ಹಾಗೆಯೇ ಒಂದು ಅಪಠಿತ ಪದ್ಯವನ್ನೂ ಕೊಡಬಹುದು. ಗೈಡಿನಲ್ಲಿ ಇಲ್ಲದ ಪದ್ಯದೆದುರು ಮಗು ತನ್ನ ಬುದ್ಧಿಯನ್ನೇ ನಂಬಬೇಕಾಗುತ್ತದೆ.

ರಂಗಭೂಮಿಯ ನೆರವೂ ದೂರವಿಲ್ಲ. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದಂಥ ಸಂಸ್ಥೆಗಳಿಂದ ತರಬೇತಿ ಪಡೆದ ಕಲಾವಿದರು ನಾಡಿನಾದ್ಯಂತ ಇದ್ದಾರೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದೂ ಉಂಟು. ಅವರನ್ನು ವಾರ್ಷಿಕೋತ್ಸವದ ಮೇಳಕ್ಕಷ್ಟೇ ಸೀಮಿತಗೊಳಿಸದೆ ಭಾಷಾ ತರಗತಿಯೊಳಗೆ ಕರೆತರಬೇಕು. ಗಮಕಿಗಳ ವಾಚನವನ್ನು ಮೊಬೈಲಿನಲ್ಲೇ ಮಕ್ಕಳಿಗೆ ಕೇಳಿಸಬಹುದು. ಅದಕ್ಕೆ ಯಾವ ಸುತ್ತೋಲೆಯೂ ಬೇಡ.

ಎಷ್ಟೋ ಮಕ್ಕಳಿಗೆ ಪಂಪ, ರನ್ನ, ಕುಮಾರವ್ಯಾಸರೊಡನೆ ಗಂಭೀರವಾದ ಮೊದಲ ಭೇಟಿ ನಡೆಯುವುದು ಈ ತರಗತಿಗಳಲ್ಲಿ. ಬಹುಮಂದಿಗೆ ಕೊನೆಯ ಭೇಟಿಯೂ ಅದೇ. ಆ ಭೇಟಿ ಬೇಸರದಲ್ಲಿ ಮುಗಿದರೆ ಮುಂದೆ ಅವರು ಪುಸ್ತಕದಂಗಡಿಯ ಕಡೆಗೂ ರಂಗಮಂದಿರದ ಕಡೆಗೂ ತಲೆ ಹಾಕುವುದಿಲ್ಲ. ಕನ್ನಡಕ್ಕೆ ಓದುಗರಿಲ್ಲವೆಂದು ಆಮೇಲೆ ನಾವು ವಿಚಾರ ಸಂಕಿರಣಗಳಲ್ಲಿ ಮರುಗುತ್ತೇವೆ.

ಅಂದು ಸಂಜೆ ಹುಡುಗಿಯ ನೋಟ್ಸ್ ಮುಚ್ಚಿಸಿ, ‘ಶಬರಿ’ಯನ್ನು ಇಬ್ಬರೂ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದೆವು. ಮೊದಲು ನಾಚಿಕೊಂಡಳು, ಆಮೇಲೆ ದನಿ ತಾನಾಗಿ ಬದಲಾಯಿತು. ನಡುವೆ ಒಂದೆಡೆ ನಿಲ್ಲಿಸಿ ಕೇಳಿದಳು: ‘ತಾತ, ರಾಮ ಬಾರದೇ ಹೋಗಿದ್ದರೆ ಇವಳು ಏನು ಮಾಡುತ್ತಿದ್ದಳು?’ ಯಾವ ಗೈಡಿನಲ್ಲೂ ಇರದ ಪ್ರಶ್ನೆ ಅದು. ನಾನು ಉತ್ತರ ಹೇಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬಾ, ಮಾತನಾಡೋಣ ಎಂದೆ. ಆಕೆ ಬಂದಳು.